ಅಟ್ಟದ ಮೇಲಿನ ಆಣೆಕಾಯಿ

ಮೊನ್ನೆ ಓಟು ಕೇಳುವವರು ಬಂದು ನನ್ನ ಸೊಸೆಯ ಕೈಗೆ ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು, "ಮುಟ್ಟಿ ಹೇಳಿ ಅಕ್ಕ, ಮನೆ ಓಟೆಲ್ಲ ನಮಗೇ ಅಂತ" ಅಂದರು. ನಾನು ಆ ಕಾಯಿ ಕಿತ್ತುಕೊಂಡು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅರಸೀಕೆರೆ ಸೀಮೆಯಲ್ಲಿ ಹುಟ್ಟಿದವರು ಕಾಯಿ ಕೈಗೆ ಬಂದರೆ ಮೊದಲು ಮಾಡುವ ಕೆಲಸ ಅದು. ಒಳಗೆ ನೀರು ಕುಳುಕುಳು ಅಂದಿತು. ಆ ಸದ್ದಿಗೆ ನನ್ನ ಮೈಯೆಲ್ಲ ಉರಿದುಹೋಯಿತು. "ತಗೊಂಡು ನಡೀರಪ್ಪ, ನಮ್ಮನೇಲಿ ಒಂದು ಕಾಯಿ ಮಾಡಿದ್ದೇ ಸಾಕು" ಅಂದೆ.

ಕಣಕಟ್ಟೆ ಹತ್ತಿರದ ಹಳ್ಳಿ ನಮ್ಮದು. ಹೆಂಚಿನ ಮನೆ, ಒಲೆ ಮೇಲಿನ ಅಟ್ಟದ ತುಂಬ ಕಾಯಿ. ಹೊಗೆ ಕುಡಿದು ಕುಡಿದು ವರ್ಷ ತುಂಬುವಷ್ಟರಲ್ಲಿ ನೀರೆಲ್ಲ ಇಂಗಿ, ಕೊಬ್ಬರಿ ಗಿಟುಕಾಗಿ ಚಿಪ್ಪಿನೊಳಗೆ ಕಟಕಟ ಅನ್ನುತ್ತಿತ್ತು. ಹೊದ್ದ ಕಂಬಳಿಗೆ, ಅವ್ವನ ತಲೆಗೂದಲಿಗೆ, ತಟ್ಟೆಯ ಮುದ್ದೆಗೂ ಅದೇ ವಾಸನೆ. ನಾನಾಗ ನಾಲ್ಕನೇ ಕ್ಲಾಸು. ಊರಿನ ಸ್ಕೂಲು ಅಲ್ಲಿಗೇ ಮುಗಿಯುತ್ತಿತ್ತು. ಮುಂದಕ್ಕೆ ಕಣಕಟ್ಟೆಗೆ ನಡೆಯಬೇಕು, ಹೆಣ್ಣುಮಗು ಒಂದನ್ನೇ ಯಾರು ಕಳಿಸುತ್ತಾರೆ? "ಈ ಹುಡುಗಿ ಲೆಕ್ಕದಲ್ಲಿ ಚುರುಕು, ಬಿಡಿಸಬೇಡ್ರವ್ವ" ಅಂತ ಮೇಷ್ಟ್ರು ಹೇಳಿಹೋಗಿದ್ದು ಅವ್ವನ ತಲೆಯಲ್ಲಿ ಕೂತಿತ್ತು. ಅದೇ ವರ್ಷ ಬಿಳಿ ಪಂಚೆಯ ಯಜಮಾನನೊಬ್ಬ ಓಟಿಗೆ ನಿಂತು, ಕೇರಿಯ ಒಬ್ಬೊಬ್ಬ ಹೆಂಗಸಿನ ಕೈಗೂ ಒಂದೊಂದು ಕಾಯಿ ಇಟ್ಟು ಆಣೆ ಮಾಡಿಸಿಕೊಳ್ಳುತ್ತ ಬಂದ. ಅಕ್ಷರ ಬರದ ನಮ್ಮವ್ವ ಅಂದಳು, "ನಾನು ಆಣೆ ಇಡ್ತೀನಿ ಸ್ವಾಮಿ, ನೀವೂ ಇಡಿ. ಊರಿಗೆ ಮಿಡ್ಲಿಸ್ಕೂಲು ಬರಬೇಕು." ಅವನು ನಕ್ಕ. "ಆಯ್ತು ಕಣವ್ವ, ಮಾಲೇಕಲ್ಲು ತಿಮ್ಮಪ್ಪನಾಣೆ" ಅಂತ ಅದೇ ಕಾಯಿ ಮುಟ್ಟಿದ. ಅವ್ವ ಅದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೂಲೆಗೆ ಮುಡಿಪಿಟ್ಟಳು. ಸ್ಕೂಲು ಬಂದ ದಿನ ಮಾಲೇಕಲ್ಲು ಬೆಟ್ಟ ಹತ್ತಿ ತಿಮ್ಮಪ್ಪನ ಮುಂದೆ ಒಡೆಯೋದು, ಅಲ್ಲೀತನಕ ಯಾರೂ ಮುಟ್ಟೋ ಹಂಗಿಲ್ಲ.

ಅವನು ಗೆದ್ದ. ಸ್ಕೂಲು ಬರಲಿಲ್ಲ. ನಾನು ಅದೇ ಅಟ್ಟದ ಕೆಳಗೆ ಕಾಯಿ ಒಡೆಯಲು ಕೂತೆ. ಐದು ವರ್ಷಕ್ಕೆ ಮತ್ತೆ ಬಂದ. "ಆಣೆಕಾಯಿ ಐತೇನವ್ವ?"

"ಐತೆ ಸ್ವಾಮಿ."

"ಹಂಗಾದ್ರೆ ಆಣೆ ಇನ್ನೂ ಮುಗಿದಿಲ್ಲ ಬಿಡು."

ಮುಗಿದಿಲ್ಲವಂತೆ! ಅವ್ವ ಮತ್ತೆ ಅವನ ಗುರುತಿಗೇ ಮುದ್ರೆ ಒತ್ತಿದಳು. ಸೋದರಮಾವನನ್ನೇ ಮದುವೆಯಾಗಿ ಪಕ್ಕದ ಕೇರಿಯಲ್ಲೇ ಉಳಿದ ನಾನು ಮುಂದಿನ ಸಲ ಜಗಳ ತೆಗೆದೆ. "ಬೇರೆಯವರಿಗೆ ಒತ್ತವ್ವ, ಮರೇಲಿ ಯಾರು ನೋಡ್ತಾರೆ?" ಅಂದರೆ, "ಪೆಟ್ಟಿಗೆಗೆ ಕಣ್ಣಿಲ್ಲ ಕಣೇ, ತಿಮ್ಮಪ್ಪನಿಗೈತೆ" ಅಂದಳು. ಅಷ್ಟು ಬೈದ ನಾನೂ ಅವಳ ಹಿಂದೆ ಹೋಗಿ ಅಲ್ಲೇ ಒತ್ತಿ ಬಂದೆ. ಆ ಯಜಮಾನ ತನ್ನ ಗೆಲುವನ್ನು ಪೆಟ್ಟಿಗೆಯಲ್ಲಿಟ್ಟಿರಲಿಲ್ಲ, ನಮ್ಮ ಅಟ್ಟಗಳ ಮೇಲಿಟ್ಟಿದ್ದ. ನಾಲ್ಕು ಸಲ ಒತ್ತಿ ಅವ್ವ ತೀರಿಹೋದಳು.

ಐದನೇ ಸಲ ನನ್ನ ಬಾಗಿಲಿಗೆ ಬಂದ. "ತಾಯಿ ಆಣೆ ಮಗಳ ಮೇಲಿರುತ್ತೆ ಕಣಮ್ಮ" ಅಂದ. ನಾನು ಅವ್ವನ ಮನೆಗೆ ಹೋಗಿ ಅಟ್ಟದಿಂದ ಗಂಟು ಇಳಿಸಿ ತಂದು ಅವನ ಕಿವಿ ಹತ್ತಿರ ಅಲ್ಲಾಡಿಸಿದೆ. ನೀರಿನ ಸದ್ದೂ ಇಲ್ಲ, ಗಿಟುಕಿನ ಸದ್ದೂ ಇಲ್ಲ. "ಕೇಳಿ ಸ್ವಾಮಿ, ನಿಮ್ಮ ಸ್ಕೂಲು ಇದರೊಳಗೈತೆ" ಅಂದೆ. ಪಕ್ಕದ ಮನೆ ರಂಗಮ್ಮ ಮೊರ ಹಿಡಿದುಕೊಂಡೇ, "ಕಾಯಿ ಮುಟ್ಟಿದ್ದು ಇಬ್ಬರೂ, ಆಣೆ ಕಟ್ಟು ಹೆಂಗಸರಿಗೆ ಮಾತ್ರಾನಾ?" ಅಂದಳು. ಕೇರಿಯೆಲ್ಲ ನಕ್ಕಿತು. ಆ ನಗೆ ಕೇಳಿದ ಮೇಲೆ ಹೆಂಗಸರ ಹೆದರಿಕೆ ಬಿಟ್ಟುಹೋಯಿತು. ತಿಮ್ಮಪ್ಪನಿಗೆ ತಪ್ಪುಕಾಣಿಕೆ ತೆಗೆದಿಟ್ಟು ಎಲ್ಲರೂ ಹೋಗಿ ಪಕ್ಕದ ಗುರುತಿಗೆ ಒತ್ತಿದೆವು. ಅವನು ಸೋತ. ಗೆದ್ದವನೇನು ದೇವರಲ್ಲ, ಆದರೆ ನಮ್ಮೂರ ಹೆಂಗಸರೆಂದರೆ ಭಯ ಬಿದ್ದಿದ್ದ. ಎರಡು ವರ್ಷದೊಳಗೆ ಮಿಡ್ಲಿಸ್ಕೂಲು ಬಂತು, ನನ್ನ ಕಿರೀ ಮಗಳು ಅಲ್ಲಿ ಕೂತಳು.

ಓಟು ಹಾಕಿ ಏನಾಗುತ್ತೆ ಅಂತ ಜಗಲಿ ಮೇಲೆ ಕೂತು ಕೇಳುವವರನ್ನು ಕಂಡರೆ ನನಗೆ ಆಗೋದಿಲ್ಲ. ಆಗುತ್ತೆ. ಒಂದು ಸಲ ಕೈ ಪಕ್ಕಕ್ಕೆ ಸರಿದಿದ್ದಕ್ಕೇ ಆಯಿತು. ಅಷ್ಟು ಸುಲಭಕ್ಕೆ ಆಗುವುದಿತ್ತು ಅನ್ನೋದೇ ನನ್ನ ಹೊಟ್ಟೆಯುರಿ. ಸುಳ್ಳನ ಹತ್ತಿರ ನಮ್ಮವ್ವ ಮಾತು ಉಳಿಸಿಕೊಂಡಳು, ಅದಕ್ಕೆ ನನ್ನ ಓದು ಹೋಯಿತು. ಅವಳ ಮೇಲೂ ಸಿಟ್ಟು ಇಳಿದಿಲ್ಲ.

ಆದರೂ ಮುಡಿಪು ಮುಡಿಪೇ. ಸ್ಕೂಲು ಶುರುವಾದ ವಾರ ಗಂಟು ಹೊತ್ತು ಮಾಲೇಕಲ್ಲು ಮೆಟ್ಟಿಲು ಹತ್ತಿ ಕಾಯಿ ಒಡೆದೆ. ಒಳಗೆ ಒಂದು ಹಿಡಿ ಕರೀ ಪುಡಿ. "ಇದು ದೇವರಿಗಾಗಲ್ಲಮ್ಮ" ಅಂದರು ಪೂಜಾರಪ್ಪ. ಗಾಳಿಗೆ ಅಷ್ಟೂ ನನ್ನ ಸೆರಗಿಗೆ ಬಿತ್ತು. ಕೊಡವಲಿಲ್ಲ. ಅವ್ವನ ಒಲೆ ಹೊಗೆಯ ವಾಸನೆ ಅದರಲ್ಲಿ ಇನ್ನೂ ಇತ್ತು.