ನಮ್ಮ ಓಣಿಯ ಅಗಲ

ನನ್ನ ಕಾರಿಗೆ ಬರಬೇಕಾದ ನಾಚಿಕೆಯೂ ಸೇರಿ ನನಗೇ ಬಂದಿದೆ. ಈಗ ಆ ಕಾರು ಕಣ್ಣಿಗೆ ಬಿದ್ದರೆ, ಮದುವೆಮನೆಯಲ್ಲಿ ಮಾತು ಬಿಟ್ಟ ಸಂಬಂಧಿಕನನ್ನು ಕಂಡವನ ಹಾಗೆ ಬೇರೆ ಕಡೆ ನೋಡುತ್ತೇನೆ.

ಸುರಪುರದ ಹಳೇ ಓಣಿಯೊಂದರಲ್ಲಿ ನಮ್ಮ ಮನೆ. ಶಹಾಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ನಾನು ಬಲು ಹುರುಪಿನಿಂದ ಮಾಡುವ ಪಾಠವೆಂದರೆ ಜನಸಾಂದ್ರತೆಯದು. ಡಚ್ಚರು ಸಮುದ್ರವನ್ನೇ ಹಿಂದೆ ತಳ್ಳಿ ಹೊಲ ಮಾಡಿಕೊಂಡರು. ಸಿಂಗಪುರದವರು ಕಡಲಿಗೆ ಮಣ್ಣು ತುಂಬಿ ಊರು ಬೆಳೆಸಿದರು. ಹಾಂಗ್‌ಕಾಂಗ್‌ನವರು ಮನೆಯ ಮೇಲೆ ಮನೆ ಪೇರಿಸಿದರು. ಬಾಂಗ್ಲಾದೇಶದ ರೈತರಂತೂ ನೀರ ಮೇಲೆ ತೇಲುವ ಮಡಿ ಕಟ್ಟಿ ಅದರಲ್ಲಿ ಬೆಂಡೆ, ಸೋರೆ ಬೆಳೆಯುತ್ತಾರೆ. ಜಪಾನಿಗೆ ಬಂದಾಗ ನನ್ನ ದನಿ ಏರುತ್ತದೆ. ಅಲ್ಲಿನ ಪಟ್ಟಣಗಳಲ್ಲಿ ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಜಾಗವಿದೆಯೆಂದು ಮೊದಲು ಪೊಲೀಸರಿಗೆ ತೋರಿಸಬೇಕು. "ಇಕ್ಕಟ್ಟಿನ್ಯಾಗ ಬದುಕೋದು ಅಂದ್ರ ಇದು ನೋಡ್ರಿ," ಎಂದು ಮೇಜು ಕುಟ್ಟುತ್ತೇನೆ.

ಇಂಥ ನಾನು ಹೋದ ವರ್ಷ ಕಾರು ಕೊಂಡೆ. ಎಲ್ಲಿ ನಿಲ್ಲಿಸುತ್ತೀರಿ ಎಂದು ಸುರಪುರದಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಮನೆ ಮುಂದೆ ನಿಲ್ಲಿಸಿದೆ. ನಮ್ಮ ಮನೆಯ ಮುಂದೆ ಇರುವುದು ಓಣಿ, ಅದೂ ಎತ್ತಿನ ಬಂಡಿಯ ಕಾಲದ್ದು. ಅಲ್ಲಿ ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು, ಮುದುಕರು ಹೊರಸು ಹಾಕಿಕೊಂಡು ಗಾಳಿಗೆ ಕೂರುತ್ತಿದ್ದರು. ಕಾರು ಬಂದ ಮೇಲೆ ಹಪ್ಪಳ ಮಾಳಿಗೆ ಹತ್ತಿತು, ಹೊರಸು ಹನುಮಪ್ಪನ ಗುಡಿಯ ಬಯಲಿಗೆ ಹೋಯಿತು. ಯಾರೂ ತಕರಾರು ಮಾಡಲಿಲ್ಲ. ಅದನ್ನು ಒಪ್ಪಿಗೆ ಎಂದುಕೊಂಡೆ. ಕಾಲೇಜಿಗೆ ಹೋಗುವುದು ಮಾತ್ರ ಈಗಲೂ ಬಸ್ಸಿನಲ್ಲೇ, ದೊಡ್ಡ ರಸ್ತೆಯಲ್ಲಿ ಕಾರು ಓಡಿಸಲು ನನಗೆ ಪುಕ್ಕಲು. ಹೀಗಾಗಿ ಅದು ಹೆಚ್ಚಿನ ದಿನ ಓಣಿಯಲ್ಲೇ ನಿಂತಿರುತ್ತಿತ್ತು.

ಈ ಬೇಸಿಗೆಯಲ್ಲಿ ಯಾದಗಿರಿಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ಅಲ್ಲಿ ನನ್ನ ಉಪನ್ಯಾಸ, ವಿಷಯ ಅದೇ. ಎಂದಿನಂತೆ ಬಸ್ಸಿನಲ್ಲೇ ಹೋದೆ. ಹೆಂಡತಿ ಕಕ್ಕೇರಾದ ತವರಿಗೆ ಹೋಗಿದ್ದಳು. ಫೋನಿನ ಸದ್ದು ಅಡಗಿಸಿ ಮಾತಾಡಿದೆ. ಜಪಾನಿಗೆ ಚಪ್ಪಾಳೆಯೂ ಬಿತ್ತು. ಹೊರಗೆ ಬಂದು ನೋಡಿದರೆ ಮಲ್ಲಣ್ಣನ ಕರೆಗಳು ಸಾಲುಗಟ್ಟಿದ್ದವು.

ಮಲ್ಲಣ್ಣ ಓಣಿಯ ಕೊನೆಯ ಮನೆಯ ಬಸಮ್ಮನ ಮಗ. ಎರಡು ಕೋಣೆಯ ಆ ಮನೆಯಲ್ಲಿ ಬಸಮ್ಮ, ಮೂವರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಇದ್ದಾರೆ. ಮಲ್ಲಣ್ಣನ ಹೆಂಡತಿ ರೇಣುಕಾಗೆ ದಿನ ತುಂಬಿದ್ದವು. ಗಾಬರಿಯಲ್ಲಿ ಫೋನು ಮಾಡಿದೆ.

"ಈಗ ಏನಿಲ್ರಿ ಸರ್, ದವಾಖಾನ್ಯಾಗ ಅದೀವಿ. ಗಂಡು ಹುಟ್ಟ್ಯಾನ," ಎಂದ. "ನಿಮ್ಮ ಗಾಡಿ ಗುಡಿ ಮುಂದ ಇಟ್ಟೀವಿ. ಸಿಟ್ಟಾಗಬ್ಯಾಡ್ರಿ."

ಕೀಲಿ ನನ್ನ ಜೇಬಿನಲ್ಲಿತ್ತು. "ಕೀಲಿ ಇಲ್ಲದ ಹ್ಯಾಂಗ ಇಟ್ರೋ?"

"ಎತ್ತಿ ಇಟ್ಟೀವ್ರಿ."

ಉಳಿದದ್ದು ಊರಿಗೆ ಬಂದ ಮೇಲೆ ತಿಳಿಯಿತು. ಮಧ್ಯಾಹ್ನ ರೇಣುಕಾಗೆ ನೋವು ಶುರುವಾಗಿದೆ. ಆಂಬುಲೆನ್ಸ್ ಓಣಿಯ ಬಾಯಿಗೆ ಬಂದು ನಿಂತಿದೆ. ನಡುವೆ ನನ್ನ ಕಾರು. ಕಾರಿಗೂ ಗೋಡೆಗೂ ಮಧ್ಯೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟುವಷ್ಟು ಸಂದು. ಆ ಹೊತ್ತಿನಲ್ಲಿ ರೇಣುಕಾ ಹೊಟ್ಟೆ ಒಳಗೆಳೆದುಕೊಳ್ಳುವುದು ಹೇಗೆ? ಯಾರೋ ಕಾರಿನ ಗಾಜು ಒಡೆದು, ಬ್ರೇಕು ಬಿಡಿಸಿ ತಳ್ಳೋಣ ಎಂದರಂತೆ. "ಸರ್ ಆಸಿಪಟ್ಟು ತಂದಾರ, ಒಡೀಬ್ಯಾಡ್ರಿ," ಎಂದವಳು ಬಸಮ್ಮ. ಒಳಗೆ ಸೊಸೆ ನರಳುತ್ತಿರುವಾಗ ಆಡಿದ ಮಾತು ಅದು. ಆಮೇಲೆ ಅರಳೆ ಅಂಗಡಿಯ ಹಮಾಲರನ್ನೂ ಕೂಗಿ ಕರೆದು, ಬಣ್ಣಕ್ಕೆ ಗೀರು ಬೀಳದಿರಲೆಂದು ಅಂಚಿಗೆ ಗೋಣಿಚೀಲ ಹಿಡಿದು, ಗಂಡಸರೆಲ್ಲ ಸೇರಿ ಕಾರನ್ನು ಎತ್ತೆತ್ತಿ ಇಡುತ್ತ ಗುಡಿಯ ಬಯಲಿಗೆ ಸಾಗಿಸಿದ್ದಾರೆ. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಗಿದೆ. ಓಣಿಯಲ್ಲಿ ಇನ್ನೊಂದಿಷ್ಟು ತಡವಾಗಿದ್ದರೆ ಎಂಬ ಯೋಚನೆಯನ್ನು ಮುಂದುವರಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಾನು ಬಯಲಿಗೆ ಹೋದಾಗ ಕಾರಿನ ಮೇಲೆ ಒಂದು ಕೌದಿ ಹೊದಿಸಿತ್ತು. ಬಿಸಿಲಿಗೆ ಕಾಯಬಾರದೆಂದು ಬಸಮ್ಮನ ಮನೆಯವರು ಹೊದಿಸಿದ್ದು. ಹಳೇ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಹೊಲಿದ ಆ ಕೌದಿಯನ್ನು ಮಡಚುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ಗುಡಿಯ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, "ಎಲ್ಲಿಯೂ ಗೀರಿಲ್ರಿ, ನೋಡ್ಕೋರಿ," ಎಂದರು. ಒಂದಾದರೂ ಗೀರು ಇರಬಾರದಿತ್ತೇ ಅನಿಸಿತು.

ಬಾಣಂತಿ ಮನೆಗೆ ಬಂದ ಮೇಲೆ ಕೌದಿ ಒಗೆಸಿಕೊಂಡು ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲನ್ನು ತೊಲೆಗೆ ಕಟ್ಟಿ, ಅದರ ಕೆಳಗೇ ಬಸಮ್ಮ ಹಾಸಿಗೆ ಹಾಸಿಕೊಂಡಿದ್ದಳು.

"ತಪ್ಪಾತು ಬಸಮ್ಮ, ಮಾಫ್ ಮಾಡಬೇಕು," ಎಂದೆ.

"ಅದಕ್ಯಾಕ ಮಾಫೀರಿ? ನಿಮಗಾದರೂ ಇಡಾಕ ಜಾಗಾ ಎಲ್ಲೈತಿ?" ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ನನ್ನ ಪರವಾಗಿ ಮಾತಾಡಿಬಿಟ್ಟಳು.

ಆಗ ಬಾಗಿಲ ಮರೆಯಿಂದ ರೇಣುಕಾ ಮೆಲ್ಲಗೆ, "ಸರ್, ಆವತ್ತು ನಾ ನಿಮಗ ಭಾಳ ಬೈದೀನ್ರಿ. ಕೆಟ್ಟ ಕೆಟ್ಟ ಬೈಗಳ," ಎಂದಳು. ಬಸಮ್ಮ ಸೊಸೆಯನ್ನು ಗದರಿದಳು. ನನಗೆ ಮಾತ್ರ ಇಡೀ ಊರಿನಲ್ಲಿ ನ್ಯಾಯ ಹೇಳಿದವಳು ಇವಳೊಬ್ಬಳೇ ಎನಿಸಿ, "ಚಲೋ ಮಾಡಿದಿ ತಾಯಿ," ಎಂದೆ. ನಿಜವಾಗಿಯೂ ಹಾಗೆಯೇ ಅನಿಸಿತ್ತು.

ಕಾರು ಈಗ ಬಸ್‌ಸ್ಟ್ಯಾಂಡಿನ ಕಡೆ ಗೆಳೆಯನೊಬ್ಬನ ಗೋದಾಮಿನಲ್ಲಿದೆ. ಪಾಠದಲ್ಲಿ ಜಪಾನನ್ನು ಬೇಗ ದಾಟುತ್ತೇನೆ, ಮೇಜು ಕುಟ್ಟುವುದಿಲ್ಲ. ಜಾಗವಿಲ್ಲದ ಕಡೆ ಮನುಷ್ಯ ಏನೇನು ಕಟ್ಟಿದ ಎನ್ನುವುದನ್ನು ಪುಸ್ತಕಗಳು ಹೇಳುತ್ತವೆ. ಯಾರು ಯಾರಿಗಾಗಿ ಎಷ್ಟು ಸರಿದು ಕೂತರು ಎನ್ನುವುದನ್ನು ಭೂಪಟದಲ್ಲಿ ಯಾವ ಬಣ್ಣದಿಂದ ತೋರಿಸಬೇಕೋ ನನಗೆ ತಿಳಿಯದು.

ಸಂಜೆ ಬಸ್ಸಿಳಿದು ಓಣಿಯಲ್ಲಿ ನಡೆದು ಬರುವಾಗ ಎದುರಿಗೆ ಯಾರಾದರೂ ಕೊಡ ಹೊತ್ತು ಬಂದರೆ ಗೋಡೆಗೆ ಆತು, ಮೈ ವಾರೆ ಮಾಡಿ ನಿಲ್ಲುತ್ತೇನೆ. ನನ್ನ ಮೈಯೋ, ನೇರ ನಿಂತರೂ ಅಷ್ಟೇ ಅಗಲ, ವಾರೆ ನಿಂತರೂ ಅಷ್ಟೇ ಅಗಲ. ಅದನ್ನು ಕಂಡು ಎದುರಿನವರು ನಕ್ಕು ತಾವೂ ಸ್ವಲ್ಪ ವಾರೆಯಾಗುತ್ತಾರೆ. ಇಬ್ಬರೂ ದಾಟುತ್ತೇವೆ.