ಪಂಖಾದ ಸಪ್ಪಳ ಕೇಳುತ್ತ ಕೂತ ಮಧ್ಯಾಹ್ನ

ನನ್ನ ಮೊಮ್ಮಗಳು ಪಾಸಾದಳು! ಔರಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸ ಅವಳಿಗೆ ಸಿಕ್ಕಿತು. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅವಳ ಫೋನಿಗೆ ಸುದ್ದಿ ಬಂತು. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಓಣಿಗೆ ಓಡಿ ಕಂಡಕಂಡವರಿಗೆಲ್ಲ ಹೇಳಿದೆ. ಬೀದರಿನ ಚಿದ್ರಿಯ ಈ ಓಣಿಯಲ್ಲಿ ನನಗೆ ಗುರುತಿಲ್ಲದವರು ಕಡಿಮೆ, ಆದರೂ ಎಂದೂ ನೋಡದ ಕಾಯಿಪಲ್ಲೆ ಗಾಡಿಯವನಿಗೂ ಹೇಳಿದೆ.

"ಛಲೋ ಆಯ್ತ್ ಬಿಡ್ರಿ ಅಮ್ಮಾ. ಮೆಂತ್ಯಾ ತಗೋತೀರೇನು?" ಎಂದ.

ಎರಡು ಸಿವುಡು ತಗೊಂಡೆ. ಮನೆಯಲ್ಲಿ ಮೆಂತ್ಯ ಇತ್ತು. ಆದರೂ ತಗೊಂಡೆ.

ಇಷ್ಟೇ ಬರೆದು ನಿಲ್ಲಿಸಿದರೆ ಚೆಂದ ಇರುತ್ತಿತ್ತು. ಆದರೆ ಈ ಸಂತೋಷದ ಕೆಳಗೆ ಒಂದು ಕೌದಿ ಹಾಸಿದೆ. ಅದನ್ನು ಎತ್ತಿ ತೋರಿಸದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

ನಾನು ಇಲ್ಲಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ತೊಗರಿ, ಹೆಸರು ಹಸನು ಮಾಡಿ ಹೊಟ್ಟೆ ಹೊರೆದವಳು. ನನ್ನ ಮಗ ಅಲ್ಲೇ ಹಮಾಲಿ ಮಾಡುತ್ತಿದ್ದ. ನಾಲ್ಕು ಬೇಸಿಗೆಯ ಹಿಂದೆ ಒಂದು ಮಧ್ಯಾಹ್ನ ಲಾರಿ ಖಾಲಿ ಮಾಡುತ್ತಿದ್ದವನು ಅರ್ಧಕ್ಕೇ ಬಿಟ್ಟು ಮನೆಗೆ ಬಂದ. ಮುಖ ಕೆಂಪಗಾಗಿತ್ತು. ಮೈ ಮುಟ್ಟಿದರೆ ಒಲೆ ಮೇಲಿನ ಹಂಚು; ಒಂದು ಹನಿ ಬೆವರಿಲ್ಲ. ಏನೇನೋ ತೊದಲುತ್ತಿದ್ದ. ನಮ್ಮಲ್ಲಿ ಜ್ವರ ಬಂದವರಿಗೆ ಕೌದಿ ಹೊಚ್ಚುತ್ತಾರೆ. ಬೆವರು ಬಿಟ್ಟರೆ ಜ್ವರ ಇಳಿಯಿತು ಎಂದು ಲೆಕ್ಕ. ನನ್ನವ್ವ ನನಗೆ ಹಾಗೇ ಮಾಡಿದ್ದಳು, ಅವನು ಸಣ್ಣವನಿದ್ದಾಗ ನಾನು ಅವನಿಗೆ ಹಾಗೇ ಮಾಡಿದ್ದೆ. ಅವತ್ತೂ ಒಂದು ಕೌದಿ ಹೊಚ್ಚಿದೆ. ಅದರ ಮೇಲೆ ಇನ್ನೊಂದು ಹೊಚ್ಚಿದೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದೆ. ಅವನು ಎರಡು ಸಲ ಕಾಲಿನಿಂದ ಕೌದಿ ಒದ್ದ. ಎರಡು ಸಲವೂ ನಾನು ಎಳೆದು, ಅಂಚು ಮೈ ಕೆಳಗೆ ಸಿಗಿಸಿದೆ.

ದವಾಖಾನೆಗೆ ಒಯ್ಯುವಷ್ಟರಲ್ಲಿ ಅವನು ಕಣ್ಣು ತೆರೆಯುತ್ತಿರಲಿಲ್ಲ. ಮರುದಿನ ಹೋದ. ಡಾಕ್ಟರು ಹೇಳಿದ್ದು ಎರಡೇ ಮಾತು: "ಬಿಸಿಲು ಬಡದಿತ್ತು. ಹೊಚ್ಚಬಾರದಿತ್ತು, ನೀರ ಹಾಕಿ ಗಾಳಿ ಬೀಸಬೇಕಿತ್ತು."

ಆ ಎರಡನೆಯ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಸೊಸೆ ಎತ್ತಲಿಲ್ಲ, ಔರಾದಿಗೆ ಕೊಟ್ಟ ನನ್ನ ಮಗಳೂ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ನಾಲ್ಕು ವರ್ಷ ನಾನೂ ಸೊಸೆಯೂ ಒಂದೇ ಒಲೆ ಮುಂದೆ ಕೂತು ಉಪ್ಪು ಖಾರ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ.

ಸಾಯುವ ಹಿಂದಿನ ವರ್ಷ ಅವನು ತನ್ನ ಮಗಳಿಗೆಂದು, ನನ್ನ ಈ ಮೊಮ್ಮಗಳಿಗೆಂದು, ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದ. ಕರಿಯದು, ರೊಟ್ಟಿ ಹಂಚಿನಂತೆ ಭಾರ. ಅವನು ಹೋದ ಮೇಲೆ ಅವನ ಅಂಗಿಗಳನ್ನು ಯಾರಿಗೂ ಕೊಡಲು ಮನಸ್ಸಾಗದೆ, ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ನಾನೊಂದು ಕೌದಿ ಹೊಲಿದೆ. ಮಡಚಿದರೆ ಆ ಲ್ಯಾಪ್‌ಟಾಪಿನ ಹಾಸಿಗೆ, ಬಿಚ್ಚಿದರೆ ಹೊದಿಕೆ. ಅವನು ಕೊಡಿಸಿದ ಸಾಮಾನಿಗೆ ಅವನ ಅಂಗಿ. ಮೊಮ್ಮಗಳು ಬೇಡ ಎನ್ನಲಿಲ್ಲ.

ಈ ಬೇಸಿಗೆಯಲ್ಲಿ ಕಾಲೇಜಿನವರು ಕೆಲಸಕ್ಕೆ ಪರೀಕ್ಷೆ ಇಟ್ಟರು. ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ಮೂರು ತಾಸು ಬರೆಯಬೇಕು. ಕ್ಯಾಮೆರಾ ನೋಡುತ್ತಿರುತ್ತದೆ, ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಮಧ್ಯಾಹ್ನ ಎರಡಕ್ಕೆ ಶುರು. ಅವತ್ತು ಧೂಳಿನ ಗಾಳಿ ಎದ್ದಿತ್ತು. ಗಂಜಿನಲ್ಲಿ ಧೂಳು ತಿಂದವಳು ನಾನು, ಅದು ಎಲ್ಲಿ ಹೊಗುತ್ತದೆ ಎಂದು ನನಗೆ ಗೊತ್ತು. ಅವಳು ಕೂರುವ ಮುಂಚೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಲ್ಯಾಪ್‌ಟಾಪಿನ ಕೆಳಗೆ ಹಾಸಿ, ಎರಡೂ ಬದಿಗೆ ಎತ್ತಿ, ಕೂಸಿನ ಕಿವಿ ಮುಚ್ಚಿದ ಹಾಗೆ ಸಿಗಿಸಿ ಹೊರಗೆ ಬಂದೆ.

ಮುಕ್ಕಾಲು ತಾಸಿಗೆ ಅವಳು ಬಾಗಿಲು ತೆರೆದಳು.

"ಬಂದ್ ಆಯ್ತ್ ಆಯಿ. ತಾನೇ ಬಂದ್ ಆಯ್ತು."

ಮುಟ್ಟಿ ನೋಡಿದೆ. ಅದೇ ಹಂಚು. ಕೈ ಹಿಂದಕ್ಕೆ ತೆಗೆದುಕೊಂಡೆ. ಸೊಸೆ ಬಾಗಿಲಲ್ಲಿ ನಿಂತು ಕೌದಿ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ನಾನು ಅಲ್ಲೇ ನೆಲಕ್ಕೆ ಕೂತೆ. ಎರಡನೆಯ ಸಲ ಹೊಚ್ಚಿ ಕೊಂದೆ ಎಂದು ನನ್ನ ಬಾಯಿಂದಲೇ ಬಂತು. ಮೊಮ್ಮಗಳು ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಮಷೀನ್ ಅದ ಆಯಿ ಅದು. ಸತ್ತಿಲ್ಲ. ಕಾವು ಹೆಚ್ಚಾದ್ರ ತನ್ನಷ್ಟಕ್ಕ ತಾ ಆರಸ್ಕೋತದ, ಸುಡಬಾರದಂತ."

ಕಾಲೇಜಿನವರಿಗೆ ಕೈಮುಗಿದು ಬರೆದಳು. ಹತ್ತು ದಿನ ಬಿಟ್ಟು ಇನ್ನೊಂದು ಅವಕಾಶ ಕೊಟ್ಟರು. ಇನ್ನೊಂದೇ, ಮುಂದೆ ಇಲ್ಲ ಎಂದರು. ಬೀದರಿನ ಅಂಗಡಿಯವರು ಇದನ್ನು ಗುಜರಿಗೆ ಹಾಕಿರಿ ಎಂದರು. ಸೊಸೆಯ ತವರು ಭಾತಂಬ್ರಾ. ಅಲ್ಲಿಗೆ ಹೋಗುವಾಗ ಭಾಲ್ಕಿಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ನೋಡಿದ್ದಳಂತೆ. ಮೂವರೂ ಬಸ್ಸು ಹತ್ತಿದೆವು. ಅಂಗಡಿಯ ಸಾಹೇಬರು ಬಿಚ್ಚಿ, ಬ್ರಶ್ಶಿನಿಂದ ಒಳಗಿನ ಧೂಳು ತೆಗೆದು, ಅದರಲ್ಲಿ ಸಿಕ್ಕ ಒಂದು ದಾರದ ಎಳೆಯನ್ನು ಬೆಳಕಿಗೆ ಹಿಡಿದರು. ನೀಲಿ ದಾರ. ನನ್ನ ಮಗನ ಅಂಗಿಯದು.

"ಅಮ್ಮಾಜಾನ್, ಇದರ ಒಳಗಿನ ಗಾಳಿ ಪಂಖಾ ಬಿಲ್ಕುಲ್ ಠೀಕ್ ಅದ. ಖರೆ ಸುಸ್ತ ಅದ. ಯಾಳೇಕ್ಕ ಏಳಂಗಿಲ್ಲ. ಇದಕ ಹುಕುಂ ಕೊಡಾವ್ರು ಬೇಕು."

"ಹುಕುಂ ನಾ ಕೊಡ್ತೀನಿ ಚಾಚಾ" ಎಂದಳು ಮೊಮ್ಮಗಳು.

"ತೋ ಫಿರ್ ನನ್ನ ಅಂಗಡೀನೂ ನೀನೇ ನಡಸವಾ" ಎಂದು ನಕ್ಕರು.

ಅವಳು ಆ ಲ್ಯಾಪ್‌ಟಾಪಿನಲ್ಲಿ ಮೊದಲಿದ್ದ, ಮಷೀನು ನಡೆಸುವ ಸಾಫ್ಟ್‌ವೇರ್ ತೆಗೆದು ಬೇರೊಂದು ಹಾಕಿದ್ದಳು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದಂತೆ, ತಿದ್ದಬಹುದಂತೆ, ಹಂಚಬಹುದಂತೆ.

"ಊರ ಬಾವಿ ಇದ್ದಂಗೇನು?" ಎಂದೆ.

"ಹೂಂ ಆಯಿ, ಹಂಗೇ."

"ನಮ್ಮ ಕಾಲದಾಗ ಊರ ಬಾವಿಗಿ ನಮ್ಮನ್ನ ಬಿಡ್ತಿದ್ದಿಲ್ಲ."

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಇದಕ ಬಿಡ್ತಾರ" ಎಂದಳು.

ಎಂಟು ದಿನ ಅದರ ಮುಂದೆ ಕೂತಳು. ಎಲ್ಲಿಯವರೋ ಏನೋ, ಮುಖ ನೋಡದ ಮಂದಿ ಇದೇ ತೊಂದರೆ ಪಟ್ಟು ಬರೆದಿಟ್ಟದ್ದನ್ನು ಓದಿ ಓದಿ ಮಾಡಿದಳು. ಮೊದಮೊದಲು ಅದು ಅವಳ ಮಾತು ಕೇಳಲೇ ಇಲ್ಲ. ಪಂಖಾದ ಲಗಾಮು ಸುಮ್ಮನೆ ಯಾರ ಕೈಗೂ ಕೊಡುವುದಿಲ್ಲವಂತೆ. ಸುಟ್ಟರೆ ನಾನೇ ಜವಾಬ್ದಾರಿ ಎಂದು ಮೊದಲು ಒಪ್ಪಿಗೆ ಬರೆದು ಕೊಡಬೇಕಂತೆ. ಬರೆದುಕೊಟ್ಟಳು. ಆಮೇಲೆ ನನ್ನನ್ನು ಕರೆದು ಪರದೆಯ ಮೂಲೆ ತೋರಿಸಿದಳು.

"ಇದು ಅದರ ಜ್ವರ, ನೋಡ್. ಈಗ ನಲವತ್ತೆಂಟು. ಐವತ್ತು ದಾಟಿದ್ರ ಪಂಖಾ ಮೆಲ್ಲಕ ತಿರಗು, ಅರವತ್ತಾದ್ರ ಜೋರು, ಎಪ್ಪತ್ತಾದ್ರ ಪೂರಾ ಜೋರು ಅಂತ ಬರದೀನಿ. ಇಳದ್ರ ತಾನೂ ಇಳೀತದ."

"ನೀ ಬರದದ್ದು ತಪ್ಪಾದ್ರ? ನಡುವ ನಿಂತ್ರ?"

"ನನ್ನ ಹುಕುಂ ಬರೋದು ನಿಂತ್ರ, ಸ್ವಲ್ಪ ಹೊತ್ತು ಕಾಯ್ತದ. ಆಮ್ಯಾಲ ಮಷೀನೇ ಪಂಖಾ ತನ್ನ ಕೈಗಿ ತಗೋತದ. ಹಂಗೂ ಬರದಾರ, ಪುಣ್ಯಾತ್ಮರು."

ನಾನು ಆ ಅಂಕಿಯನ್ನೇ ನೋಡುತ್ತ ಕೂತೆ. ನಲವತ್ತೆಂಟು, ನಲವತ್ತೊಂಬತ್ತು. ಒಂದು ತಗಡಿನ ಪೆಟ್ಟಿಗೆ ತನ್ನ ಜ್ವರ ತಾನೇ ಹೇಳುತ್ತದೆ. ನನ್ನ ಮಗ ಎರಡು ಸಲ ಕಾಲಿನಿಂದ ಒದ್ದು ಹೇಳಿದ್ದ, ನನಗೆ ಓದಲು ಬರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಲ್ಯಾಪ್‌ಟಾಪನ್ನು ಊಟದ ಮಣೆಯ ಮೇಲೆ, ಕೆಳಗೆ ಗಾಳಿ ಆಡುವಂತೆ ಎರಡು ಕಟ್ಟಿಗೆ ತುಂಡು ಕೊಟ್ಟು ಇಟ್ಟಳು. ಕೌದಿಯನ್ನು ನಾನೇ ಟ್ರಂಕಿನ ತಳಕ್ಕೆ ಹಾಕಿ ಕೀಲಿ ಹಾಕಿದೆ. ಬಾಗಿಲು ಮುಚ್ಚಿದಳು. ನಾನು ಹೊರಗೆ ಬಾಗಿಲಿಗೆ ಕಿವಿ ಹಚ್ಚಿ ಕೂತೆ. ಸೊಸೆಯೂ ಬಂದು ಎದುರು ಗೋಡೆಗೆ ಒರಗಿದಳು. ಒಳಗೆ ಸಣ್ಣ ಸಪ್ಪಳ ಶುರುವಾಯಿತು. ಗಂಜಿನಲ್ಲಿ ಕಾಳು ತೂರಲು ಇಡುವ ದೊಡ್ಡ ಪಂಖಾದ ಮೊಮ್ಮಗುವಿನ ಹಾಗೆ. ಬಿಸಿಲು ಏರಿದ ಹಾಗೆ ಸಪ್ಪಳವೂ ಏರಿತು.

ಮೂರೂವರೆ ಸುಮಾರಿಗೆ ನಿಂತುಬಿಟ್ಟಿತು.

ಕಿವಿ ಒತ್ತಿದೆ. ಏನೂ ಇಲ್ಲ. ನನ್ನ ಕೈ ಬಾಗಿಲು ನೂಕಲು ಎದ್ದಿತು. ಸೊಸೆ ಬಂದು ಆ ಕೈ ಹಿಡಿದಳು. ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಕಾವು ಇಳದಿರಬೇಕ್ ಅತ್ತಿ. ಇಳದ್ರ ತಾನೂ ಇಳೀತದಂತ ಹೇಳಿದ್ಲಲ್ಲ. ತಡೀರಿ."

ತಡೆದೆವು. ಎಷ್ಟು ಹೊತ್ತೋ. ಮತ್ತೆ ಸಪ್ಪಳ ಎದ್ದಿತು, ಮೆಲ್ಲಗೆ. ಅವಳು ಕೈ ಬಿಡಲಿಲ್ಲ. ಐದಕ್ಕೆ ಬಾಗಿಲು ತೆರೆಯುವವರೆಗೂ ಬಿಡಲಿಲ್ಲ.

ಇವತ್ತು ಸುದ್ದಿ ಬಂದ ಮೇಲೆ ಇಬ್ಬರೂ ಅಡುಗೆಗೆ ಕೂತೆವು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಹಂಚಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು:

"ಅತ್ತಿ, ಅವತ್ತ ಎರಡನೇ ಕೌದಿ ಟ್ರಂಕಿನಾಗಿಂದ ತಗದ ಕೊಟ್ಟಾಕಿ ನಾನು. ನೀವು ಕೇಳಿದ್ದಿಲ್ಲ. ನಾನೇ ತಂದ ಕೊಟ್ಟೆ."

ನನಗೆ ಅದು ನೆನಪೇ ಇರಲಿಲ್ಲ. ಅವಳು ಇಷ್ಟು ವರ್ಷ ನನ್ನೊಂದಿಗೆ ಮಾತು ಬಿಟ್ಟದ್ದು ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ರೊಟ್ಟಿ ಒಂದು ಬದಿ ಕರಕಾಯಿತು. "ತಿರುವಿ ಹಾಕ್ ಮೊದಲ, ಸುಡ್ಲಾಕತ್ತದ" ಎಂದೆ. ಅವಳು ಅಳುತ್ತ ಅಳುತ್ತ ನಕ್ಕಳು.

ಸಂಜೆ ಔರಾದಿನಿಂದ ಮಗಳೂ ಅಳಿಯನೂ ಬಂದರು. ಮೊಮ್ಮಗಳು ಬುದ್ಧನ ಫೋಟೊ ಮುಂದೆ ಮೇಣದಬತ್ತಿ ಹಚ್ಚಿದಳು. ಆಮೇಲೆ ನನ್ನ ಸೊಂಟದಿಂದ ಕೀಲಿ ಎಳೆದುಕೊಂಡು ಟ್ರಂಕು ತೆರೆದು, ಆ ಅಂಗಿಗಳ ಕೌದಿ ತಂದು ನಡುಮನೆಯಲ್ಲಿ ಹಾಸಿದಳು.

"ಇದರ ಮ್ಯಾಲ ಕುಂಡ್ರಲಾಕ ಏನ್ ಅಡ್ಡಿ ಇಲ್ಲಲಾ ಆಯಿ?"

"ಕುಂಡ್ರು" ಎಂದೆ. "ಹೊಚ್ಚಬ್ಯಾಡ, ಅಷ್ಟೇ."

"ಇನ್ನ ಔರಾದಕ್ಕ ಬಂದ್ರ ನಮ್ಮ ಮನ್ಯಾಗೇ ಇರ್ಬೇಕು ಪೋರಿ, ಬಾಡಿಗಿ ಮನಿ ಗಿನಿ ಅಂದ್ರ ಕಾಲ ಮುರೀತೀನಿ" ಎಂದಳು ಮಗಳು. ಅಳಿಯ ಹುಗ್ಗಿಯ ಪಾತ್ರೆಯನ್ನೇ ನೋಡುತ್ತಿದ್ದ. ಐದೂ ಮಂದಿ ಆ ಕೌದಿಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿಬೇಳೆ, ಬೇಡವಾಗಿದ್ದ ಆ ಮೆಂತ್ಯ, ಗೋಧಿ ಹುಗ್ಗಿ. ನನ್ನ ತಾಟಿನ ಕೆಳಗೆ ನೀಲಿ ಅಂಗಿಯ ತುಂಡು ಬಂದಿತ್ತು. ಸೊಸೆ ನನ್ನ ಹುಗ್ಗಿಗೆ ತುಪ್ಪ ಸುರಿಯಲು ಬಗ್ಗಿದಾಗ ನಾನು ಸಾಕು ಎನ್ನಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಕಿಟಕಿಗಳೆಲ್ಲ ತೆರೆದೇ ಇದ್ದವು.