ನಾನು ಕೂತ ಜಾಗಕ್ಕೆ ಕಾಯಿ ಒಡೆದರು

ಕಳೆದ ಮೇ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ರಾಯಲ್ಪಾಡು ಬಳಿಯ ಮಾವಿನ ತೋಟವೊಂದರಲ್ಲಿ, ಹಿಂದಿನ ದಿನ ನಾನು ಕೂತಿದ್ದ ಜಾಗಕ್ಕೆ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದಿದ್ದರು. ಕೊಳವೆಬಾವಿ ಕೊರೆಯುವ ಲಾರಿ ಮಧ್ಯಾಹ್ನಕ್ಕೆ ಬರುವುದಿತ್ತು.

ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ ವಿದ್ಯಾರ್ಥಿನಿ. ಮಣ್ಣು ಎಷ್ಟು ಬೇಗ ನೀರು ಹೀರುತ್ತದೆಂದು ಅಳೆಯಲು ಅಗಲವಾದ ಕಬ್ಬಿಣದ ಬಳೆಯನ್ನು ನೆಲಕ್ಕೆ ಊರಿ, ಅದರೊಳಗೆ ನೀರು ಸುರಿದು, ಗಡಿಯಾರ ನೋಡುತ್ತ ಕೂತಿದ್ದೆ. ತೋಟದ ಯಜಮಾನ ಮುನಿಯಪ್ಪ ನನ್ನನ್ನು ನೀರಿನ ಪಾಯಿಂಟ್ ತೋರಿಸುವವಳೆಂದು ತಿಳಿದುಬಿಟ್ಟಿದ್ದರು.

ಕೆಳಗೆ ನೀರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಮೇಲೆ ಬಿದ್ದ ನೀರನ್ನು ಈ ಮಣ್ಣು ಚೆನ್ನಾಗಿ ಕುಡಿಯುತ್ತದೆ ಎಂದಷ್ಟೇ ಗೊತ್ತು ಎಂದೆ.

"ಪಾಯಿಂಟ್ ಮಾಡಕ್ಕೆ ಬರಲ್ಲ ಅಂದ್ಮೇಲೆ ಇನ್ನೇನಕ್ಕಮ್ಮ ಓದ್ತೀಯ?" ಎಂದರು ಮುನಿಯಪ್ಪ.

"ಬೈರಕೂರಲ್ಲಿ ನಮ್ದೊಂದು ಬಾವಿ ಇದೆ. ನಮ್ಮಪ್ಪ ಅದ್ರಲ್ಲೇ ಈಜು ಕಲ್ತಿದ್ದು. ನಾನು ಹುಟ್ಟೋ ಹೊತ್ಗೆ ಒಣಗೋಗಿತ್ತು. ಮಳೆ ನೀರು ಇಂಗ್ಸಿ ಅದನ್ನ ಮತ್ತೆ ತುಂಬಿಸ್ಬೇಕು. ನಾನೂ ಅದ್ರಲ್ಲಿ ಈಜ್ಬೇಕು ಮಾವ, ಅದಕ್ಕೇ."

ಅವರ ಹೆಂಡತಿ ರತ್ನಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಏಮ್ಮಾ, ಈಜಕ್ಕೂ ಎಂಎಸ್ಸಿ ಮಾಡ್ಬೇಕಾ?"

ಮುನಿಯಪ್ಪ ನಗಲಿಲ್ಲ. ಪಕ್ಕದಲ್ಲೇ ಇದ್ದ, ನೀರು ಕಮ್ಮಿಯಾದ ಹಳೆಯ ಕೊಳವೆಬಾವಿಯತ್ತ ನೋಡಿದರು. ಆಮೇಲೆ ಫೋನ್ ಮಾಡಿ ಲಾರಿ ಬೇಡವೆಂದರು. ಪೂಜೆ ಮಾಡಿದ ಜಾಗವನ್ನು ಹಾಗೇ ಬಿಡಬಾರದೆಂದು ರತ್ನಮ್ಮ ಪಟ್ಟು ಹಿಡಿದರು. ಆ ವಾರವೇ ಅಲ್ಲಿ ಇಂಗುಗುಂಡಿ ತೋಡಿಸಿದರು.

ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ರತ್ನಮ್ಮನ ಫೋನ್ ಬಂತು: "ಗುಂಡಿ ತುಂಬೈತೆ, ಈಜಕ್ಕೆ ಬಾರೇ." ಸಂಜೆಯ ಬಸ್ಸಿಗೆ ಹೋದೆ. ನಾನು ತಲುಪುವಷ್ಟರಲ್ಲಿ ನೀರೆಲ್ಲ ಇಂಗಿತ್ತು.